ಎಲ್ಲರ ಹತ್ತಿರ ಸರಿ, ಆ ಒಬ್ಬರನ್ನು ಕಂಡರೆ ಮಾತ್ರ ಬೊಗಳುವ ನಾಯಿ: ಹಂತ ಹಂತವಾಗಿ ಹೊಂದಿಸುವುದು ಹೇಗೆ

ಮನೆಗೆ ಯಾರೇ ಬಂದರೂ ಬಾಲ ಅಲ್ಲಾಡಿಸುವ ನಾಯಿ ಒಬ್ಬರನ್ನು ಕಂಡರೆ ಮಾತ್ರ ಸೋಫಾ ಹಿಂದೆ ಸೇರಿಕೊಂಡು ಬೊಗಳುತ್ತದೆ. ಆಗ ಹೆಚ್ಚಿನ ಮನೆಗಳಲ್ಲಿ ನಡೆಯುವುದು ಒಂದೇ. ಬಂದವರ ಕೈಗೆ ಬಿಸ್ಕತ್ತು ಕೊಟ್ಟು "ನೀವೇ ತಿನ್ನಿಸಿ, ಸರಿಹೋಗುತ್ತೆ" ಅನ್ನುತ್ತಾರೆ. ನಾಯಿ ಮೈಯನ್ನೆಲ್ಲ ಹಿಂದಕ್ಕಿಟ್ಟು, ಕತ್ತು ಮಾತ್ರ ಮುಂದೆ ಚಾಚಿ ಬಿಸ್ಕತ್ತು ಕಿತ್ತುಕೊಳ್ಳುತ್ತದೆ. ಬಿಸ್ಕತ್ತು ಮುಗಿದ ಮೇಲೆ ತಲೆ ಎತ್ತಿ ನೋಡಿದರೆ, ಹೆದರುವ ಮನುಷ್ಯ ಒಂದಡಿ ದೂರದಲ್ಲಿದ್ದಾನೆ! ಮತ್ತೆ ಬೊಗಳುತ್ತದೆ, ಕೆಲವು ಸಲ ಕಚ್ಚಿಯೂ ಬಿಡುತ್ತದೆ. ಆಸೆಗೆ ಬಿದ್ದು ತನ್ನ ಧೈರ್ಯಕ್ಕೆ ಮೀರಿ ಹತ್ತಿರ ಬಂದ ನಾಯಿಗೆ ತಪ್ಪಿಸಿಕೊಳ್ಳುವ ದಾರಿ ಹೊಳೆಯುವುದಿಲ್ಲ.

ಹಾಗಾಗಿ ಇಲ್ಲಿನ ಕ್ರಮದಲ್ಲಿ ತಿಂಡಿ ಕೊಡುವ ಕೆಲಸ ಬಹುಪಾಲು ಮನೆಯವರದೇ. ಮೊದಲು ದೂರ, ಆಮೇಲೆ ಬಾಗಿಲು, ಆಮೇಲೆ ಓಡಾಟ, ಎಲ್ಲಕ್ಕೂ ಕೊನೆಗೆ ಮುಟ್ಟುವುದು. ಹಿಂದುಮುಂದು ಮಾಡಿದರೆ ಕೆಲಸ ಕೆಡುತ್ತದೆ. ಉದಾಹರಣೆಗೆ ಬೈಕಿನಲ್ಲಿ ಪ್ರತಿ ಭಾನುವಾರ ಊಟಕ್ಕೆ ಬರುವ ಭಾವನವರನ್ನು ಇಟ್ಟುಕೊಳ್ಳೋಣ. ನಿಮ್ಮ ಮನೆಯಲ್ಲಿ ಅವರು ಅಜ್ಜ ಇರಬಹುದು, ಟ್ಯೂಷನ್ ಮೇಡಂ ಇರಬಹುದು.

## ಶುರುಮಾಡುವ ಮುನ್ನ: ಹೆದರಿಕೆ ಯಾವುದರದು?

ನಾಯಿ ಹೆದರುತ್ತಿರುವುದು ಭಾವನಿಗೋ ಭಾವನ ಹೆಲ್ಮೆಟ್ಟಿಗೋ? ಇದನ್ನು ಬೇರ್ಪಡಿಸದೆ ವಾರಗಟ್ಟಲೆ ಚಿಕನ್ ಖರ್ಚು ಮಾಡುವವರಿದ್ದಾರೆ. ಅವರಲ್ಲಿ ಮಾತ್ರ ಇರುವುದು ಏನು ಎಂದು ಬರೆದುಕೊಳ್ಳಿ: ಹೆಲ್ಮೆಟ್, ಊರುಗೋಲು, ಟೋಪಿ, ದಪ್ಪ ದನಿ, ಜೋರು ಹೆಜ್ಜೆ, ಸಿಗರೇಟಿನ ವಾಸನೆ, ಬಂದ ತಕ್ಷಣ ಬಗ್ಗಿ ತಲೆ ಸವರುವ ಅಭ್ಯಾಸ, ಎಂದೋ ಒಮ್ಮೆ ಗದರಿದ್ದು.

ವಸ್ತುವಿನ ಹೆದರಿಕೆಯಾದರೆ ಅದನ್ನು ಬೇರೆಯಾಗಿಯೇ ಬಿಡಿಸಬೇಕು. ಹೆಲ್ಮೆಟ್ಟನ್ನು ಊಟದ ಬಟ್ಟಲಿಂದ 2–3 ಮೀಟರ್ ದೂರದಲ್ಲಿ ನೆಲದ ಮೇಲಿಟ್ಟು ಎರಡು ಮೂರು ದಿನ ಬಿಡಿ. ನಂತರ ನೀವೇ ಕೈಯಲ್ಲಿ ಹಿಡಿದು ಓಡಾಡಿ, ಆಮೇಲೆ ನಾಯಿಯ ಎದುರಿಗೇ ಹಾಕಿಕೊಂಡು ತೆಗೆಯಿರಿ. ಪ್ರತಿ ಸಲವೂ ಅದು ಕಂಡ ಮೇಲೆ ಒಂದು ಚೂರು ತಿಂಡಿ.

ವಯಸ್ಸಿಗೆ ಬಂದ ನಾಯಿ ಇದ್ದಕ್ಕಿದ್ದಂತೆ ಹೀಗೆ ಶುರುಮಾಡಿದ್ದರೆ ತರಬೇತಿಗಿಂತ ಮೊದಲು ಪಶುವೈದ್ಯರು. ಕಿವಿಯ ಸೋಂಕು, ಹಲ್ಲುನೋವು, ಸೊಂಟದ ಕೀಲುನೋವು (ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗಳಲ್ಲಿ ಹೆಚ್ಚು), ವಯಸ್ಸಾದ ನಾಯಿಯಲ್ಲಿ ಕಣ್ಣಿನ ಪೊರೆ, ಇವೆಲ್ಲ ಸಿಡುಕಿಗೆ ಕಾರಣವಾಗುತ್ತವೆ. ತಲೆ ಮುಟ್ಟಿದರೆ ಕಿವಿ ನೋಯುವ ನಾಯಿ, ತಲೆ ಸವರುವ ಮನುಷ್ಯನನ್ನು ದ್ವೇಷಿಸುವುದರಲ್ಲಿ ಆಶ್ಚರ್ಯವೇನಿಲ್ಲ.

ಈಗಾಗಲೇ ಚರ್ಮ ಹರಿಯುವಂತೆ ಕಚ್ಚಿದ್ದರೆ ಇದನ್ನು ಓದಿಕೊಂಡು ಒಬ್ಬರೇ ಮಾಡಲು ಹೋಗಬೇಡಿ. ಕೊನೆಯ ಭಾಗ ನೋಡಿ.

## ಬೇಕಾದ ಸಾಮಾನು

ಕತ್ತಿನ ಪಟ್ಟಿಗಿಂತ ಎದೆಗೆ ಹಾಕುವ ಹಾರ್ನೆಸ್ ಒಳ್ಳೆಯದು. ಕತ್ತು ಬಿಗಿದಾಗಲೆಲ್ಲ ಎದುರಿಗೆ ಭಾವ ಇದ್ದರೆ, ಆ ನೋವೂ ಭಾವನ ಲೆಕ್ಕಕ್ಕೇ ಸೇರುತ್ತದೆ. ಹಗ್ಗ ಸುಮಾರು 2 ಮೀಟರ್ ಇರಲಿ. ಗುಂಡಿ ಒತ್ತಿದರೆ ಉದ್ದವಾಗುವ ರೀಲ್ ಹಗ್ಗ ಬೇಡ.

ಅಡ್ಡಗೇಟು ಇಲ್ಲಿ ಅರ್ಧ ಕೆಲಸ ಮಾಡುತ್ತದೆ. ಮಕ್ಕಳಿಗೆಂದು ಮಾರುವ ಗೇಟು ಸಾಕು. ಎಗರುವ ನಾಯಿಯಾದರೆ ಎದೆಮಟ್ಟದ ಗ್ರಿಲ್ ಬೇಕು. ಅದೂ ಇಲ್ಲದಿದ್ದರೆ ಹಾರ್ನೆಸ್‌ನ ಹಗ್ಗವನ್ನು ಕಿಟಕಿಯ ಸರಳಿಗೆ ಕಟ್ಟಿ ನೀವು ಪಕ್ಕದಲ್ಲೇ ಕೂರಬಹುದು. ಕಟ್ಟಿಹಾಕಿ ಎದ್ದುಹೋಗುವುದು ಮಾತ್ರ ಸಲ್ಲದು.

ತಿಂಡಿ ದಿನನಿತ್ಯದ್ದಾಗಿರಬಾರದು. ಉಪ್ಪು, ಮಸಾಲೆ ಹಾಕದೆ ಬೇಯಿಸಿದ ಚಿಕನ್. ಸಸ್ಯಾಹಾರಿ ಮನೆಯಾದರೆ ಪನೀರ್ ಅಥವಾ ಬೇಯಿಸಿದ ಗೆಣಸು. ಅರ್ಧ ಕಡಲೆಕಾಳಿನಷ್ಟು ಚೂರು ಸಾಕು. 5 ನಿಮಿಷದ ಅಭ್ಯಾಸಕ್ಕೆ 30–40 ಚೂರು ಬೇಕಾಗುತ್ತದೆ, ಅಷ್ಟನ್ನು ರಾತ್ರಿಯ ಊಟದಲ್ಲಿ ಕಡಿಮೆ ಮಾಡಿ. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ ನಾಯಿಗೆ ವಿಷ.

ಕಚ್ಚಬಹುದು ಎಂಬ ಅನುಮಾನ ಸ್ವಲ್ಪವಿದ್ದರೂ ಬುಟ್ಟಿಯಂಥ ಮಝಲ್ (ಕಚ್ಚದಂತೆ ಮೂತಿಗೆ ಹಾಕುವ ಕವಚ) ತನ್ನಿ. ಅದರಲ್ಲಿ ಬಾಯಿ ತೆರೆದು ಏದುಸಿರು ಬಿಡಬಹುದು, ನೀರು ಕುಡಿಯಬಹುದು, ತಿಂಡಿಯನ್ನೂ ತಿನ್ನಬಹುದು. ಬಾಯಿ ಬಿಗಿಯುವ ಬಟ್ಟೆಯ ಮಝಲ್ ನಮ್ಮ ಬಿಸಿಲಿಗೆ ಅಪಾಯ. ನಾಯಿ ಮೈ ತಣಿಸಿಕೊಳ್ಳುವುದೇ ಬಾಯಿಂದ.

## ಹಂತ 1: ಭಾವ ಇಲ್ಲದಾಗಲೇ ಮಾಡಬೇಕಾದ ತಯಾರಿ (1–2 ವಾರ)

ಹೆಚ್ಚಿನವರು ಹಾರಿಸುವುದು ಈ ಹಂತವನ್ನೇ. ಅತಿಥಿ ಬಾಗಿಲಲ್ಲಿ ನಿಂತಾಗ ಹೊಸ ಪಾಠ ಕಲಿಸಲು ಆಗುವುದಿಲ್ಲ.

ಚಾಪೆ. ಹಾಲಿನ ಮೂಲೆಯಲ್ಲಿ, ಜನ ಓಡಾಡುವ ದಾರಿಯಿಂದ ಪಕ್ಕಕ್ಕೆ, ಒಂದು ಚಾಪೆ ಹಾಸಿ. ನಾಯಿ ಅದರ ಮೇಲೆ ಇದ್ದಷ್ಟು ಹೊತ್ತು ಮುಂಗಾಲುಗಳ ನಡುವೆ ಒಂದೊಂದೇ ಚೂರು ಇಡಿ. 2 ನಿಮಿಷದಿಂದ ಶುರುಮಾಡಿ 10 ನಿಮಿಷಕ್ಕೆ ತನ್ನಿ.

ಕೋಣೆ. ಅಗಿಯಲು ಏನಾದರೂ ಕೊಟ್ಟು ಮಲಗುವ ಕೋಣೆಯ ಬಾಗಿಲು ಹಾಕಿ, ಮೊದಲು 5 ನಿಮಿಷ, ಬರಬರುತ್ತ 20. ಮನೆಗೆ ಯಾರೂ ಬಾರದ ದಿನವೂ ಮಾಡಿ. ಭಾವ ಬಂದಾಗ ಮಾತ್ರ ಕೂಡಿಹಾಕಿದರೆ ಕೋಣೆಯೇ ಶಿಕ್ಷೆಯಾಗುತ್ತದೆ.

"ಹುಡುಕು". ಈ ಮಾತು ಹೇಳಿ ಐದಾರು ಚೂರನ್ನು ನೆಲದ ಮೇಲೆ ಚೆಲ್ಲಿ. ಮೂಗು ನೆಲಕ್ಕಿಟ್ಟು ಮೂಸುವ ನಾಯಿಗೆ ದಿಟ್ಟಿಸಿ ನೋಡಲು ಆಗುವುದಿಲ್ಲ. ಮುಂದೆ ಕೈಮೀರುವ ಹೊತ್ತಿಗೆ ನಿಮ್ಮನ್ನು ಕಾಪಾಡುವುದು ಇದೇ.

ಮಝಲ್. ಒಳಗೆ ಸ್ವಲ್ಪ ಗಟ್ಟಿ ಮೊಸರು ಸವರಿ, ನಾಯಿಯೇ ಮೂತಿ ಹಾಕಲಿ. ನೀವಾಗಿ ತುರುಕಬೇಡಿ. ಪಟ್ಟಿ ಬಿಗಿಯುವುದು ನಾಲ್ಕೈದು ದಿನ ಕಳೆದ ಮೇಲೆ.

## ಭಾವನಿಗೆ ಫೋನಿನಲ್ಲೇ ಹೇಳಬೇಕಾದದ್ದು

ಬಂದ ಮೇಲೆ ಹೇಳಿದರೆ ತಡವಾಯಿತು, ಮುಂಚಿನ ದಿನವೇ ಹೇಳಿ. "ಭಾವ, ಬಂದಾಗ ಬೆಲ್ ಮಾಡಬೇಡಿ, ಕೆಳಗಿಂದ ಒಂದು ಫೋನ್ ಮಾಡಿ. ಹೆಲ್ಮೆಟ್ ಗಾಡಿಯಲ್ಲೇ ಇಟ್ಟು ಬನ್ನಿ. ಅವನ ಕಡೆ ನೋಡಬೇಡಿ, ಮಾತಾಡಿಸಬೇಡಿ, ಕೈ ಚಾಚಬೇಡಿ. ಹತ್ತಿರ ಬಂದು ಮೂಸಿದರೆ ಸುಮ್ಮನೆ ಕೂತಿರಿ."

"ನನಗೆ ನಾಯಿ ಅಂದ್ರೆ ಇಷ್ಟ, ನನಗೇನೂ ಮಾಡಲ್ಲ" ಅನ್ನುವ ಅತಿಥಿಯೇ ಎಲ್ಲರಿಗಿಂತ ಕಷ್ಟ. ಹೆದರುವವರು ಹೇಳಿದಂತೆ ಕೇಳುತ್ತಾರೆ. ಪ್ರೀತಿ ಇರುವವರು ಎರಡೇ ನಿಮಿಷಕ್ಕೆ ಕೈ ಚಾಚುತ್ತಾರೆ. ಅಂಥವರ ಕೈಗೆ ಕಾಫಿ ಲೋಟ ಕೊಟ್ಟುಬಿಡಿ.

## ಹಂತ 2: ಮನೆಯ ಹೊರಗೆ, ದೂರದಿಂದ

ಮನೆಯೊಳಗೆ ನಾಯಿಗೆ ಕಾಯುವ ಕೆಲಸವೂ ಇರುತ್ತದೆ. ಆದ್ದರಿಂದ ಮೊದಲ ಭೇಟಿ ಹೊರಗಾಗಲಿ. ಬೀದಿನಾಯಿಗಳು ಕಾದು ನಿಲ್ಲುವ ರಸ್ತೆ ಬೇಡ. ಅಪಾರ್ಟ್‌ಮೆಂಟಿನ ಹಿಂಭಾಗ, ಮಹಡಿ, ಬೆಳಗ್ಗೆ ಆರರ ಖಾಲಿ ಲೇಔಟು ಆಗಬಹುದು. ಲಿಫ್ಟಿನಲ್ಲಿ ಭಾವನನ್ನೂ ನಾಯಿಯನ್ನೂ ಒಟ್ಟಿಗೆ ಹತ್ತಿಸಲೇಬೇಡಿ. ಬೀದಿನಾಯಿ ಅಟ್ಟಿಸಿಕೊಂಡು ಬಂದರೆ ಅವತ್ತಿಗೆ ಅಭ್ಯಾಸ ಮುಗಿಯಿತು.

1. ಭಾವ 15–20 ಮೀಟರ್ ದೂರದಲ್ಲಿ, ಪಕ್ಕಕ್ಕೆ ತಿರುಗಿ ನಿಲ್ಲಲಿ.
2. ನಾಯಿ ಅವರನ್ನು ನೋಡಲಿ. ಒಂದು ಸೆಕೆಂಡ್ ಬಿಟ್ಟು ಚೂರು ಕೊಡಿ. ನೋಡುತ್ತಿರುವಷ್ಟು ಹೊತ್ತೂ ಒಂದರ ಹಿಂದೊಂದು ಕೊಡುತ್ತಿರಿ.
3. ಭಾವ ಗೋಡೆಯ ಹಿಂದೆ ಮರೆಯಾಗಲಿ. ತಿಂಡಿಯೂ ನಿಲ್ಲಲಿ.
4. ಹೀಗೆ 6–8 ಸಲ. ಒಟ್ಟು 5 ನಿಮಿಷ ದಾಟಬಾರದು.

ಇಲ್ಲಿ ಎಲ್ಲವೂ ಮೊದಲು ಯಾವುದು, ಆಮೇಲೆ ಯಾವುದು ಎಂಬುದರ ಮೇಲೆ ನಿಂತಿದೆ. ಮೊದಲು ಭಾವ ಕಾಣಬೇಕು, ಆಮೇಲೆ ಚಿಕನ್. ನೀವು ಮೊದಲೇ ಕವರ್ ಸರಪರ ಮಾಡಿ ಚಿಕನ್ ತೋರಿಸಿ, ಆಮೇಲೆ ಭಾವ ಕಂಡರೆ ನಾಯಿ ಕಲಿಯುವುದು ತದ್ವಿರುದ್ಧ: ಚಿಕನ್ ಬಂತೆಂದರೆ ಏನೋ ಕೆಟ್ಟದ್ದು ಬರುತ್ತದೆ. "ತಿಂಡಿ ಕಂಡರೂ ಓಡಿಹೋಗುತ್ತೆ" ಎಂಬ ದೂರಿಗೆ ಬಹಳ ಸಲ ಇದೇ ಕಾರಣ.

ಭಾವ ಕಂಡ ಕೂಡಲೇ ನಾಯಿ ನಿಮ್ಮ ಮುಖ ನೋಡಿ "ಎಲ್ಲಿ ನನ್ನ ಚೂರು?" ಎಂಬಂತೆ ತಿರುಗತೊಡಗಿದರೆ ಪಾಠ ಹತ್ತಿದೆ. ಆಗ ಎರಡು ಮೀಟರ್ ಹತ್ತಿರ ಬನ್ನಿ. ನೇರ ಎದುರುಬದುರು ಬರಬೇಡಿ, ಓರೆಯಾಗಿ ಬನ್ನಿ.

ಮುಂದಿನದು ಜೊತೆ ನಡಿಗೆ. ಇಬ್ಬರೂ ಒಂದೇ ದಿಕ್ಕಿಗೆ ನಡೆಯಿರಿ: ಒಂದು ಬದಿಗೆ ಭಾವ, ನಡುವೆ ನೀವು, ನಿಮ್ಮ ಇನ್ನೊಂದು ಬದಿಗೆ ನಾಯಿ. 10 ಮೀಟರ್ ಅಂತರದಿಂದ ಶುರುಮಾಡಿ, 15–20 ನಿಮಿಷದಲ್ಲಿ 3 ಮೀಟರಿಗೆ ಬಂದರೆ ಸಾಕಷ್ಟಾಯಿತು. ನಾಯಿ ನೆಲ ಮೂಸುತ್ತ, ಕಂಬಕ್ಕೆ ಕಾಲೆತ್ತುತ್ತ ನಡೆದರೆ ಒಳ್ಳೆಯ ಲಕ್ಷಣ. ಇದನ್ನು ಎರಡು ಮೂರು ಬೇರೆ ಬೇರೆ ದಿನ ಮಾಡಿ, ನಡುವೆ ಕನಿಷ್ಠ ಒಂದು ದಿನ ಬಿಡುವಿರಲಿ. ಒಂದು ಸಲ ಏರಿದ ಉದ್ವೇಗ ಅದೇ ಗಳಿಗೆಯಲ್ಲಿ ಇಳಿಯುವುದಿಲ್ಲ.

## ಹಂತ 3: ಹೊಸ್ತಿಲು ದಾಟುವುದು

ನಮ್ಮ ಮನೆಗಳಲ್ಲಿ ಅತಿಥಿ ಬಾಗಿಲಲ್ಲೇ ಬಗ್ಗಿ ಚಪ್ಪಲಿ ಬಿಚ್ಚುತ್ತಾರೆ. ನಾಯಿಯ ಕಣ್ಣಿಗೆ ಅದು ಬಾಗಿಲು ತಡೆದು, ಬಗ್ಗಿ, ತನ್ನ ಕಡೆ ಮುಖ ಮಾಡಿದ ಆಕೃತಿ. ಹೆಚ್ಚಿನ ಗಲಾಟೆ ಶುರುವಾಗುವುದು ಈ ಅರ್ಧ ನಿಮಿಷದಲ್ಲಿ. ಹಿರಿಯರಿಗೆ ಕಾಲಿಗೆ ಬಿದ್ದು ನಮಸ್ಕಾರ ಮಾಡುವವರಿದ್ದರೆ ಅದೂ ಸೇರಿತು. ಈ ನೋಟ ನಾಯಿಗೆ ಕಾಣದಂತೆ ನೋಡಿಕೊಳ್ಳಿ.

1. ಭಾವನ ಫೋನ್ ಬಂದ ಕೂಡಲೇ ನಾಯಿಯನ್ನು ಕೋಣೆಗೆ ಬಿಟ್ಟು ಅಗಿಯಲು ಕೊಡಿ. ಹೊರಗೆ ಜೊತೆ ನಡಿಗೆ ಮುಗಿಸಿ ಬರುತ್ತಿದ್ದರೆ ಭಾವ ಮೊದಲು ಒಳಗೆ ಹೋಗಿ ಕೂರಲಿ, ನೀವು ಐದು ನಿಮಿಷ ಬಿಟ್ಟು ಬನ್ನಿ.
2. ಭಾವ ಕುರ್ಚಿಯಲ್ಲಿ ಪಕ್ಕಕ್ಕೆ ತಿರುಗಿ ಕೂರಲಿ. ಬಾಗಿಲ ಪಕ್ಕ ಬೇಡ, ನಾಯಿಯ ಮಾಮೂಲಿ ಸೋಫಾ ಬೇಡ, ನೆಲವೂ ಬೇಡ; ನೆಲದಲ್ಲಿ ಕೂತರೆ ಮುಖ ನಾಯಿಯ ಬಾಯಿಯ ಮಟ್ಟಕ್ಕೆ ಬರುತ್ತದೆ.
3. ನಾಯಿಯನ್ನು ಹಗ್ಗ ಹಾಕಿ ಅಡ್ಡಗೇಟಿನ ಒಳಬದಿಗೆ ತನ್ನಿ. ಕಂಡರೆ ಚೂರು, ಮತ್ತೆ ಕಂಡರೆ ಮತ್ತೆ ಚೂರು. 5–10 ನಿಮಿಷ.
4. ಕೋಣೆಗೆ ವಾಪಸ್.

ನಾಲ್ಕನೆಯದನ್ನು ಬಿಡಬೇಡಿ. "ಇಷ್ಟು ಚೆನ್ನಾಗಿದ್ದಾನೆ, ಊಟ ಮುಗಿಯುವ ತನಕ ಇರಲಿ" ಅನ್ನುವುದರಿಂದಲೇ ಹತ್ತು ನಿಮಿಷದ ಲಾಭ ಹನ್ನೊಂದನೆಯ ನಿಮಿಷಕ್ಕೆ ಹೋಗುತ್ತದೆ. ಅಭ್ಯಾಸ ಹತ್ತು ನಿಮಿಷ, ಭಾನುವಾರದ ಊಟ ಮೂರು ಗಂಟೆ. ಉಳಿದ ಹೊತ್ತು ನಾಯಿ ಕೋಣೆಯಲ್ಲಿ ನಿದ್ದೆ ಮಾಡಲಿ.

## ಹಂತ 4: ಗೇಟಿಲ್ಲದೆ, ಹಗ್ಗದಲ್ಲಿ

ಮೂರನೆಯ ಹಂತ ಎರಡು ಮೂರು ಭೇಟಿಗಳಲ್ಲಿ ಸಲೀಸಾಗಿ ನಡೆದ ಮೇಲೆ ಮಾತ್ರ ಇಲ್ಲಿಗೆ ಬನ್ನಿ. ಹಗ್ಗ ನಿಮ್ಮ ಕೈಯಲ್ಲಿ, ಸಡಿಲವಾಗಿ ಇರಲಿ. ಬಿಗಿಹಗ್ಗ ನಿಮ್ಮ ಆತಂಕವನ್ನು ನಾಯಿಗೆ ತಲುಪಿಸುತ್ತದೆ.

ಈಗ ಭಾವ ಮೊದಲ ಬಾರಿಗೆ ತಿಂಡಿ ಮುಟ್ಟಬಹುದು, ಆದರೆ ಕೈಯಿಂದ ತಿನ್ನಿಸಲು ಅಲ್ಲ. ಕೂತಲ್ಲಿಂದಲೇ, ಕೈ ಕೆಳಗಿಟ್ಟು, ನಾಯಿಯ *ಹಿಂದಕ್ಕೆ* ಬೀಳುವಂತೆ ಒಂದು ಚೂರು ಎಸೆಯಲಿ. ನಾಯಿ ತಿರುಗಿ, ದೂರ ಹೋಗಿ ತಿನ್ನುತ್ತದೆ. ಆಮೇಲೆ ತಾನಾಗಿ ಎಷ್ಟು ಹತ್ತಿರ ಬೇಕೋ ಅಷ್ಟು ಬರುತ್ತದೆ. ಮತ್ತೆ ಹಿಂದಕ್ಕೆ ಎಸೆಯುವುದು. ಇದರಲ್ಲಿ ನಾಯಿಗೆ ಎರಡು ಲಾಭ: ತಿಂಡಿಯ ಜೊತೆಗೆ ದೂರವೂ ಸಿಗುತ್ತದೆ. ಬಿಸ್ಕತ್ತು ಹಿಡಿದು ಕರೆಯುವ ಪದ್ಧತಿಯಲ್ಲಿ ಕಾಣೆಯಾಗಿದ್ದು ಈ ದೂರವೇ.

ನಾಯಿ ಬಂದು ಮಂಡಿ ಮೂಸಿದರೆ ಭಾವ ಮಿಸುಕಬಾರದು. ಮನಸ್ಸಿನಲ್ಲೇ ಎರಡು ಎಣಿಸಿ ಮತ್ತೊಂದು ಚೂರನ್ನು ದೂರ ಎಸೆಯಲಿ. ಮೂಸುವುದು ಎಂದರೆ ಮುಟ್ಟಲು ಒಪ್ಪಿಗೆ ಎಂದಲ್ಲ. ಅದು ಇನ್ನೂ ವಿಚಾರಣೆಯ ಹಂತ.

## ಹಂತ 5: ಏಳುವುದು, ಓಡಾಡುವುದು, ಹೊರಡುವುದು

ಕೂತ ಭಾವ ಬೇರೆ, ಎದ್ದ ಭಾವ ಬೇರೆ. ಒಂದು ಗಂಟೆ ಪಾದದ ಬಳಿ ಮಲಗಿದ್ದ ನಾಯಿ, ಅವರು ಕೈತೊಳೆಯಲು ಎದ್ದ ಕೂಡಲೇ ಎಗರುವುದು ಮಾಮೂಲು. ಆದ್ದರಿಂದ ಏಳುವುದನ್ನೇ ತುಂಡು ತುಂಡು ಮಾಡಿ ಕಲಿಸಿ: ಕೈ ಎತ್ತುವುದು, ಮುಂದೆ ಬಾಗುವುದು, ಅರ್ಧ ಎದ್ದು ಕೂರುವುದು, ಪೂರ್ತಿ ಏಳುವುದು, ಒಂದು ಹೆಜ್ಜೆ, ಐದು ಹೆಜ್ಜೆ. ಪ್ರತಿ ಚಲನೆಯ ಹಿಂದೆಯೇ ನೀವು ಚಾಪೆಯ ಮೇಲೆ ಚೂರು ಹಾಕಿ. ಅಭ್ಯಾಸವಾದ ಮೇಲೂ ಭಾವ "ಏಳ್ತೀನಿ" ಎಂದು ಹೇಳಿಯೇ ಏಳಲಿ. ನಿಮಗೂ ನಾಯಿಗೂ ಅದು ಸೂಚನೆ.

ಅತಿ ಹೆಚ್ಚು ಎಚ್ಚರ ಬೇಕಾದದ್ದು ಹೊರಡುವಾಗ. ಎದುರಾಬದುರು ನಿಲ್ಲಲು ಧೈರ್ಯವಿಲ್ಲದ ನಾಯಿಗೆ ಬೆನ್ನು ಕಂಡರೆ ಧೈರ್ಯ ಬರುತ್ತದೆ, ಹಿಮ್ಮಡಿಗೆ ಬಾಯಿ ಹಾಕುತ್ತದೆ. ಅದರಲ್ಲೂ ನಮ್ಮಲ್ಲಿ "ಹೊರಡ್ತೀವಿ" ಎಂದ ಮೇಲೆ ಬಾಗಿಲಲ್ಲಿ ಇನ್ನೂ ಕಾಲು ಗಂಟೆ ಮಾತು ನಡೆಯುತ್ತದೆ. ಎಷ್ಟೇ ಹೊಂದಿಕೊಂಡಿದ್ದರೂ ಮೊದಲ ಕೆಲವು ತಿಂಗಳು, ಭಾವ ಏಳುವ ಮೊದಲೇ ನಾಯಿ ಕೋಣೆಯಲ್ಲಿರಲಿ.

## ಮುಟ್ಟುವುದು

ಆತುರವಿಲ್ಲ. ಎಂದೂ ಮುಟ್ಟಿಸಿಕೊಳ್ಳದಿದ್ದರೂ ನಷ್ಟವಿಲ್ಲ. ಒಂದೇ ಕೋಣೆಯಲ್ಲಿ ನಿಶ್ಚಿಂತೆಯಾಗಿ ಮಲಗಿದರೆ ಗುರಿ ತಲುಪಿದಂತೆಯೇ. ಅಪರಿಚಿತರ ಬಗ್ಗೆ ಸಹಜವಾಗಿಯೇ ಹಿಂಜರಿಯುವ ಮುಧೋಳ ನಾಯಿಗಳಲ್ಲಿ, ಬೀದಿಯಿಂದ ತಂದು ಸಾಕಿದ ನಾಡತಳಿಗಳಲ್ಲಿ ಹಲವು ಅಲ್ಲಿಗೇ ನಿಲ್ಲುತ್ತವೆ.

ನಾಯಿಯೇ ಬಂದು ಮೈ ಒರಗಿಸಿದರೆ ಎದೆಯನ್ನೋ ಭುಜದ ಬದಿಯನ್ನೋ 3 ಸೆಕೆಂಡ್ ಸವರಿ ಕೈ ತೆಗೆಯಬೇಕು. ನಾಯಿ ಮತ್ತೆ ಒತ್ತಿಕೊಂಡರೆ ಇನ್ನೂ 3 ಸೆಕೆಂಡ್. ಮುಖ ತಿರುಗಿಸಿದರೆ, ಮೈ ಕೊಡವಿದರೆ, ಅವತ್ತಿಗೆ ಸಾಕು. ತಲೆಯ ಮೇಲಿಂದ ಕೈ ತರುವುದು, ಅಪ್ಪಿಕೊಳ್ಳುವುದು, ಮುಖಕ್ಕೆ ಮುಖ ಕೊಡುವುದು ಯಾವ ಕಾಲಕ್ಕೂ ಬೇಡ.

## ನಿಲ್ಲಿಸಬೇಕಾದ ಸೂಚನೆಗಳು

ಮೊದಲು ಬರುವವು ಸಣ್ಣವು: ತಿಂಡಿ ಇಲ್ಲದಿದ್ದರೂ ಮೂಗು ನೆಕ್ಕುವುದು, ನಿದ್ದೆ ಇಲ್ಲದೆ ಆಕಳಿಕೆ, ತಲೆ ಬೇರೆಡೆಗೆ ತಿರುಗಿಸಿ ಕಣ್ಣಿನ ಬಿಳಿಭಾಗ ಕಾಣುವಂತೆ ಓರೆಯಾಗಿ ನೋಡುವುದು, ಸೆಕೆ ಇಲ್ಲದೆ ಏದುಸಿರು. ಇವು ಕಂಡರೆ ದೂರ ಹೆಚ್ಚಿಸಿ.

ತಿಂಡಿ ತಿನ್ನುವ ರೀತಿ ಒಳ್ಳೆಯ ಅಳತೆಗೋಲು. ಮಾಮೂಲಾಗಿ ಮೆದುವಾಗಿ ತೆಗೆದುಕೊಳ್ಳುವ ನಾಯಿ ಬೆರಳಿಗೆ ಹಲ್ಲು ತಾಗುವಂತೆ ಕಿತ್ತುಕೊಂಡರೆ ಅಂತರ ಕಡಿಮೆಯಾಯಿತು ಎಂದರ್ಥ. ಚಿಕನ್ ಕೂಡ ಬೇಡವೆಂದರೆ ಅಂತರ ತೀರಾ ಕಡಿಮೆಯಾಯಿತು.

ಬಾಯಿ ಮುಚ್ಚಿ, ಮೈ ಸೆಟೆದು, ಉಸಿರೂ ನಿಂತಂತೆ ಒಂದೇ ಕಡೆ ದಿಟ್ಟಿಸುವುದು ಎಲ್ಲಕ್ಕಿಂತ ಅಪಾಯ. ಮನೆಯವರು ಇದನ್ನೇ "ನೋಡಿ, ಸುಮ್ಮನಾದ" ಎಂದು ತಿಳಿದು ಭಾವನನ್ನು ಮುಂದೆ ಕರೆಯುತ್ತಾರೆ. ಕೂಡಲೇ "ಹುಡುಕು" ಎಂದು ಚೂರು ಚೆಲ್ಲಿ, ನಾಯಿಯನ್ನು ಹೊರಗೆ ಕರೆದೊಯ್ಯಿರಿ. ಬಾಲ ಅಲ್ಲಾಡುತ್ತಿದೆ ಎಂದೂ ಮೋಸಹೋಗಬೇಡಿ. ಮೇಲೆ ನೆಟ್ಟಗೆ ನಿಂತು ಬಿಗಿಯಾಗಿ ಅಲ್ಲಾಡುವ ಬಾಲ ಉದ್ವೇಗದ್ದು, ಸೊಂಟವೂ ಸೇರಿ ಸಡಿಲವಾಗಿ ಆಡುವುದು ಸಂತೋಷದ್ದು.

ಗುರುಗುಟ್ಟಿದ್ದಕ್ಕೆ ಹೊಡೆಯಬೇಡಿ, ಗದರಲೂ ಬೇಡಿ. ಗುರ್ ಎನ್ನುವುದು ಎಚ್ಚರಿಕೆ. ಅದನ್ನು ಅಡಗಿಸಿದರೆ ಹೆದರಿಕೆ ಹೋಗುವುದಿಲ್ಲ, ಎಚ್ಚರಿಕೆ ಮಾತ್ರ ಹೋಗುತ್ತದೆ. "ಮುನ್ಸೂಚನೆಯೇ ಇಲ್ಲದೆ ಕಚ್ಚಿತು" ಎನ್ನುವ ನಾಯಿಗಳು ಹೀಗೂ ತಯಾರಾಗುತ್ತವೆ.

## ಎಲ್ಲಿ ಕೆಡುತ್ತದೆ

ಮೂರು ವಾರ ಚೆನ್ನಾಗಿತ್ತು, ಈಗ ಮತ್ತೆ ಮೊದಲಿನಂತೆ. ಏನು ಬದಲಾಯಿತು ನೋಡಿ: ರೇನ್‌ಕೋಟ್, ಸಂಜೆಗತ್ತಲು, ಜೊತೆಗೆ ಬಂದ ಮಕ್ಕಳು. ಒಂದು ಹಂತ ಹಿಂದಕ್ಕೆ ಹೋಗಿ. ದೀಪಾವಳಿ ಪಟಾಕಿಯ ವಾರ ಅಭ್ಯಾಸವೇ ಬೇಡ.

ತಿಂಡಿ ಮುಗಿದ ಕೂಡಲೇ ಬೊಗಳುತ್ತದೆ. ತಿಂಡಿಯಿಂದ ಬಾಯಿ ಮುಚ್ಚಿಸಿದ್ದೀರಿ, ಅಷ್ಟೇ. ಎರಡನೆಯ ಹಂತಕ್ಕೆ ವಾಪಸ್, ದೂರ ಇಮ್ಮಡಿ.

ಮನೆಯವರಲ್ಲೇ ಒಮ್ಮತವಿಲ್ಲ. ನೀವು ಚೂರು ಕೊಡುತ್ತೀರಿ, ಅಪ್ಪ ಪತ್ರಿಕೆ ಸುತ್ತಿ ಬೀಸುತ್ತಾರೆ. ಭಾವ ಬಂದಾಗಲೆಲ್ಲ ಏಟು ಬಿದ್ದರೆ ನಾಯಿಯ ಅನುಮಾನಕ್ಕೆ ಸಾಕ್ಷಿ ಸಿಕ್ಕಂತಾಗುತ್ತದೆ. ಮೊದಲು ಅಪ್ಪನನ್ನು ಒಪ್ಪಿಸಿ.

ಬರುವವರು ಮನೆಕೆಲಸದ ಅಕ್ಕ, ದಿನವೂ ಬರುತ್ತಾರೆ. ಪೊರಕೆ, ನೆಲ ಒರೆಸುವ ಕೋಲು ಅವರ ಕೈಯಲ್ಲಿರುತ್ತವೆ, ಕೋಣೆಯಿಂದ ಕೋಣೆಗೆ ಓಡಾಡಬೇಕು, ಕೂತು ಅಭ್ಯಾಸ ಮಾಡಿಸಲು ಅವರಿಗೆ ಪುರಸೊತ್ತೂ ಇಲ್ಲ. ದಿನನಿತ್ಯ ನಾಯಿ ಬಾಗಿಲ ಹಿಂದೆಯೇ ಇರಲಿ. ವಾರಕ್ಕೆ ಎರಡು ದಿನ ಕೆಲಸ ಮುಗಿದ ಮೇಲೆ, ಅವರು ಒಪ್ಪಿದರೆ ಮಾತ್ರ, ಕಾಫಿ ಕೊಟ್ಟು ಹತ್ತು ನಿಮಿಷ ಕೂರಿಸಿ ಮೂರನೆಯ ಹಂತ ಮಾಡಿ. ಪೊರಕೆಗೆ ಹೆಲ್ಮೆಟ್ಟಿನ ಪಾಠವೇ. "ಏನೂ ಮಾಡಲ್ಲ, ನೀವು ಬನ್ನಿ" ಎಂದು ಅವರನ್ನು ಬಲವಂತ ಮಾಡುವ ಹಕ್ಕು ಯಾರಿಗೂ ಇಲ್ಲ.

## ಹಲ್ಲು ತಾಗಿದರೆ

ಚರ್ಮ ತರಚಿದ್ದರೂ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅರಿಸಿನ, ಸುಣ್ಣ, ಕಾಫಿಪುಡಿ ಹಚ್ಚಬೇಡಿ. ನಾಯಿಗೆ ರೇಬಿಸ್ ಲಸಿಕೆ ಆಗಿದ್ದರೂ ಅದೇ ದಿನ ವೈದ್ಯರ ಬಳಿ ಹೋಗಿ. ಚುಚ್ಚುಮದ್ದು ಬೇಕೋ ಬೇಡವೋ ಅವರು ಹೇಳಲಿ. ನಾಯಿಯ ಲಸಿಕೆ ಪುಸ್ತಕ ಜೊತೆಗಿರಲಿ.

ಆಮೇಲೆ ಪಶುವೈದ್ಯರಿಂದ ನಾಯಿಯ ಪೂರ್ತಿ ತಪಾಸಣೆ ಮಾಡಿಸಿ, ನಡವಳಿಕೆಯಲ್ಲಿ ಅನುಭವವಿರುವವರ ಹೆಸರನ್ನು ಅವರಲ್ಲೇ ಕೇಳಿ. ಕೆಲವು ನಾಯಿಗಳಿಗೆ ಆತಂಕ ತಗ್ಗಿಸುವ ಮಾತ್ರೆ ಬೇಕಾಗುತ್ತದೆ. ದಿನವೂ ಕೊಡುವಂಥವು ಪರಿಣಾಮ ತೋರಲು ಹಲವು ವಾರ ಬೇಕು, ನಡುವೆ ನಿಮ್ಮಷ್ಟಕ್ಕೆ ನಿಲ್ಲಿಸಬಾರದು. ತರಬೇತುದಾರರನ್ನು ಕರೆಸುವುದಾದರೆ ಮೊದಲ ಫೋನಿನಲ್ಲೇ ಒಂದು ಪ್ರಶ್ನೆ ಕೇಳಿ: "ನಾಯಿ ಗುರುಗುಟ್ಟಿದರೆ ಏನು ಮಾಡುತ್ತೀರಿ?" ಚೋಕ್ ಚೈನ್ (ಎಳೆದರೆ ಕತ್ತು ಬಿಗಿಯುವ ಸರಪಳಿ) ಜಗ್ಗುತ್ತೇವೆ, ಕರೆಂಟ್ ಕಾಲರ್ ಹಾಕುತ್ತೇವೆ, ನೆಲಕ್ಕೆ ಒತ್ತಿ ಹಿಡಿಯುತ್ತೇವೆ ಎಂದರೆ ಅವರನ್ನು ಕರೆಸಬೇಡಿ.